ಮೂಕಮ್ಮ ಓದಿಸಿದ ಕಾಗದ

ಪ್ರಾರ್ಥನಾ ಮನೆಯಲ್ಲಿ ಭಾನುವಾರದ ಊಟ ಮುಗಿದು ಮೂಕಮ್ಮ ಅನ್ನದ ಹಂಡೆಯ ತಳ ಕೆರೆಯುತ್ತಾ ಕೂತಿದ್ದಳು. ಗಿರಿಧರ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಯಾವಾಗಲೂ ಒಳಗೆ ಬಂದು ಒಂದು ಲೋಟ ಸಾರು ಬಗ್ಗಿಸಿಕೊಂಡು ಕುಡಿಯುವವನು ಇವತ್ತು ಹೊಸಿಲ ಹೊರಗೇ ನಿಂತಿದ್ದು ನೋಡಿ, ಏನೋ ಇದೆ ಅಂದುಕೊಂಡಳು.

"ಅಕ್ಕಾ, ಒಂದು ಮಾತು."

"ಹೇಳಪ್ಪಾ."

"ಬರೋ ಭಾನುವಾರದಿಂದ ಧರ್ಮಪ್ಪಂಗೆ ಬಡಿಸ್ಬೇಡಿ."

ಮೂಕಮ್ಮನ ಕೈ ನಿಂತಿತು.

"ನಂದೊಬ್ಬನದೇ ತೀರ್ಮಾನ ಅಲ್ಲ," ಅಂದ ಗಿರಿಧರ. "ನಾಲ್ಕು ಮನೆಯವರು ಬಂದು ಕೇಳಿದ್ರು. ನಾವು ಓದ್ತಿರೋ ಕಾಗದದಲ್ಲಿ ಕಡ್ಡಿ ಮುರಿದ ಹಾಗೆ ಬರೆದಿದೆ. ದುಡಿಯಲ್ಲ ಅನ್ನೋನು ಉಣ್ಣಲೂ ಬಾರದು ಅಂತ. ಸುರೇಂದ್ರ ಎದುರಿಗೆ ಹೋಗಿ ತನ್ನ ಹೋಂಸ್ಟೇಲಿ ಕೆಲಸ ಕೊಡ್ತೀನಿ ಅಂದ್ರೂ ಈ ಮನುಷ್ಯ ಒಲ್ಲೆ ಅಂದಿದಾನೆ. ಹೀಗೆ ಕೂತು ಉಂಡ್ರೆ ದುಡಿದು ತರೋರಿಗೆ ಏನು ಹೇಳ್ಲಿ?"

"ಅವನು ಎಲೆ ಮುಂದೆ ಕೂತ್ರೆ ನಾನು ಅವನನ್ನ ದಾಟಿ ಹೋಗ್ಬೇಕಾ?"

"ಸೌಟು ನಿಮ್ಮ ಕೈಲಿದೆ ಅಕ್ಕಾ. ಅದಕ್ಕೆ ನಿಮಗೆ ಹೇಳ್ದೆ," ಅಂದು ಗಿರಿಧರ ಹೊರಟ.

ಅವನು ಕೆಟ್ಟವನಲ್ಲ. ವಾರವೆಲ್ಲ ಸಾಗರದಲ್ಲಿ ಪಂಪ್‌ಸೆಟ್ ಬಿಚ್ಚಿ ಕಟ್ಟಿ, ಗ್ರೀಸು ಹತ್ತಿದ ಕೈ ತೊಳೆದು, ಬುಧವಾರ ಸಂಜೆ ಮತ್ತು ಭಾನುವಾರ ಬೆಳಿಗ್ಗೆ ಸಭೆ ನಡೆಸುವವನು. ಪಾಸ್ಟರ್ ತೀರ್ಥಹಳ್ಳಿಯಿಂದ ತಿಂಗಳಿಗೆ ಒಂದು ಸಲ ಬಂದು ಹೋಗುವವರು. ಸಾಗರದಿಂದ ಹೊಳೆಬಾಗಿಲಿಗೆ ಹೋಗುವ ರಸ್ತೆಯ ಪಕ್ಕದ ಆ ಶೀಟು ಹೊದೆಸಿದ ಪ್ರಾರ್ಥನಾ ಮನೆಗೆ ಸೇರುವುದು ಹನ್ನೊಂದು ಮನೆಯವರು. ಎಲ್ಲ ಒಟ್ಟಾಗಿ ಏಳೆಂಟು ವರ್ಷ ಆಗಿರಬಹುದು, ಅಷ್ಟೇ. ಎಳೇ ಸಭೆ. ಒಂದು ಸಣ್ಣ ಮಾತಿಗೆ ಒಡೆಯಬಹುದು ಅನ್ನುವ ಹೆದರಿಕೆ ಗಿರಿಧರನಿಗೆ ಸದಾ ಇತ್ತು.

ಮೂಕಮ್ಮನಿಗೂ ಆ ಹನ್ನೊಂದು ಮನೆ ಬಿಟ್ಟರೆ ಬೇರೆ ಜನ ಇರಲಿಲ್ಲ. ಗಂಡ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿನಲ್ಲಿ ಹಗ್ಗ ಎಸೆದು ಕಟ್ಟುವ ಕೆಲಸದಲ್ಲಿದ್ದವನು, ಹನ್ನೊಂದು ವರ್ಷದ ಹಿಂದೆ ಹೋದ. ಸಾಗರದ ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ಪಕ್ಕದ ಹಾಸಿಗೆಯವರು ಇವನಿಗೂ ಸೇರಿಸಿ ಪ್ರಾರ್ಥನೆ ಮಾಡಿದರು, ಗಂಜಿ ತಂದುಕೊಟ್ಟರು. ಅವನು ಉಳಿಯಲಿಲ್ಲ, ಆದರೆ ಗಂಜಿ ತಂದವರನ್ನು ಮೂಕಮ್ಮ ಬಿಡಲಿಲ್ಲ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಿ ಪಳಗಿದ ಕೈ. ಸಭೆ ಶುರುವಾದಾಗ ಭಾನುವಾರದ ಊಟ ತಾನಾಗೇ ಅವಳ ಪಾಲಿಗೆ ಬಂತು.

ಇನ್ನು ಕಾಗದದ ಸಂಗತಿ ಹೇಳಬೇಕು. ಪೌಲ ಅನ್ನುವವನು ಥೆಸಲೋನಿಕ ಎಂಬ ಊರಿನ ಹೊಸ ಸಭೆಗೆ ಬರೆದ, ಬೈಬಲಿನಲ್ಲಿ ಸೇರಿರುವ ಎರಡು ಕಾಗದಗಳನ್ನು ಗಿರಿಧರ ಒಂದೂವರೆ ವರ್ಷದಿಂದ ಪಾಠ ಮಾಡುತ್ತಿದ್ದ. ಅದು ಎರಡು ಸಾವಿರ ವರ್ಷದ ಹಿಂದಿನ ಎಳೇ ಸಭೆ, ನಮ್ಮದೂ ಎಳೇದು, ನಮಗೆ ಇದೇ ಸರಿ ಅಂದಿದ್ದ. ಜನ ದಣಿದು ಬಂದಿರುತ್ತಾರೆ, ಉದ್ದಕ್ಕೆ ಓದಿದರೆ ತೂಕಡಿಸುತ್ತಾರೆ ಅಂತ ಒಂದು ಉಪಾಯ ಮಾಡಿದ. ಕಾಗದವನ್ನು ಎರಡು ಮೂರು ಸಾಲಿಗೆ ತುಂಡು ಮಾಡಿ, ಮಗಳು ಧನ್ಯಶ್ರೀ ಕೈಲಿ ದುಂಡಗೆ ಚೀಟಿ ಬರೆಸಿ, ಮನೆಗೆ ಒಂದೊಂದು ಹಂಚಿದ. ಅದಕ್ಕೆ ಪಾಲಿನ ಚೀಟಿ ಅಂತ ಹೆಸರು ಬಿತ್ತು. ಬುಧವಾರ ಅವರವರ ಪಾಲಿನದನ್ನು ಬಾಯಿಪಾಠ ಒಪ್ಪಿಸಬೇಕು, ಗಿರಿಧರ ಅದಕ್ಕೆ ಅರ್ಥ ಬಿಡಿಸುತ್ತಿದ್ದ.

ಒಳ್ಳೇ ಉಪಾಯವೇ. ಆದರೆ ದಿನ ಹೋದ ಹಾಗೆ ಒಂದೊಂದು ಮನೆಗೆ ತನ್ನ ಸಾಲು ತನ್ನ ಗದ್ದೆಯ ಹಾಗೆ ಆಯಿತು. ಒಬ್ಬರದು ಪ್ರೀತಿಯ ಸಾಲು, ಒಬ್ಬರದು ತಾಳ್ಮೆಯ ಸಾಲು. ದುಡಿಯದವನು ಉಣ್ಣಬಾರದು ಅನ್ನುವ ಸಾಲು ಸುರೇಂದ್ರನ ಮನೆಗೆ ಬಿತ್ತು. ಹೊನ್ನೆಮರಡು ಕಡೆ ಹೋಂಸ್ಟೇ ಇಟ್ಟುಕೊಂಡ ಮನುಷ್ಯ, ಬೆಳಿಗ್ಗೆ ಐದಕ್ಕೆ ಎದ್ದು ತಾನೇ ಅಂಗಳ ಗುಡಿಸುವವನು. ಆ ಸಾಲನ್ನು ಒಪ್ಪಿಸುವಾಗ ಅವನ ದನಿ ಗೋಡೆ ದಾಟಿ ಬರುತ್ತಿತ್ತು.

ಗೋಡೆಯ ಈಚೆ ಮೂಕಮ್ಮ ಚಹದ ಲೋಟ ತೊಳೆಯುತ್ತಿದ್ದಳು. ಹನ್ನೊಂದು ಮನೆಯ ಪಾಲೂ ಅವಳ ಕಿವಿಗೆ ಬಿದ್ದಿತ್ತು. ಹತ್ತು ಮನೆಯದು ಅನ್ನಬೇಕು. ಚೀಟಿ ಶುರುವಾದ ಮೇಲೆ ಧರ್ಮಪ್ಪ ಬುಧವಾರ ಬರುವುದನ್ನೇ ಬಿಟ್ಟಿದ್ದ. ಸೋಮಾರಿ, ಊಟದ ದಿನ ಮಾತ್ರ ಬರ್ತಾನೆ ಅಂತ ಮಾತು ಹುಟ್ಟಿದ್ದು ಅಲ್ಲಿಂದ.

ಧರ್ಮಪ್ಪ ಮೊದಲಿಂದ ಸೋಮಾರಿಯಲ್ಲ. ಲಾಂಚಿಗೆ ಕಾಯುವ ವಾಹನದ ಸಾಲಿನಲ್ಲಿ ಬುಟ್ಟಿ ಹೊತ್ತು ಓಡಾಡಿ ಉಪ್ಪುಖಾರ ಸವರಿದ ಸೌತೆಕಾಯಿ, ಬೇಯಿಸಿದ ಶೇಂಗಾ ಮಾರಿದವನು, ಇಪ್ಪತ್ತಾರು ವರ್ಷ. ಕಳೆದ ಮಳೆಗಾಲದಲ್ಲಿ ಸೇತುವೆ ಆಯಿತು. ಸಿಗಂದೂರಿಗೆ ಹೋಗುವ ಕಾರುಗಳು ಈಗ ಗಾಜು ಏರಿಸಿಕೊಂಡು ಭರ್ರನೆ ದಾಟುತ್ತವೆ. ನಿಲ್ಲುವವರು ಯಾರು? ಹೆಂಡತಿ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿಲ್ಲ. ಮನುಷ್ಯ ಲಾಂಚು ನಿಲ್ಲುತ್ತಿದ್ದ ಹಳೇ ಕಟ್ಟೆಯ ಮೇಲೆ ಹೋಗಿ ಕೂತುಬಿಡುತ್ತಿದ್ದ. ವಾರಕ್ಕೆ ನಾಲ್ಕು ಜನರ ಮುಖ ನೋಡುತ್ತಿದ್ದದ್ದು ಭಾನುವಾರ ಒಂದೇ. ಆ ಎಲೆಯಿಂದ ಎಬ್ಬಿಸಿದರೆ ಇವನು ಎಲ್ಲಿಗೆ ಹೋಗಿ ಬೀಳುತ್ತಾನೆ ಅಂತ ಮೂಕಮ್ಮನಿಗೆ ವಾರವೆಲ್ಲ ಅದೇ ಯೋಚನೆ. ತಾನು ಬಡಿಸಿದರೆ ಸಭೆಯ ಮಾತು ಮೀರಿದಂತೆ, ಬಡಿಸದಿದ್ದರೆ ಅವನನ್ನು ತಾನೇ ಕೈಹಿಡಿದು ಹೊರಗೆ ಹಾಕಿದಂತೆ.

ಅವಳು ಓದಿದ್ದು ಮೂರನೇ ಕ್ಲಾಸು. ಆದರೆ ಕಾಗದ ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ಹೊಸನಗರದ ಕಡೆಯ ಅವಳ ತವರು ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮುಳುಗಿದಾಗ ಅವಳಿಗೆ ಹನ್ನೊಂದು ವರ್ಷ. ಬಂಧು ಬಳಗ ದಿಕ್ಕಿಗೊಬ್ಬರು ಆದರು. ಆಮೇಲೆ ಒಂದು ಕಾಗದ ಬಂದರೆ ಕೇರಿಗೆ ಕೇರಿಯೇ ಕೂಡುತ್ತಿತ್ತು, ಓದುವವನು ಅಂಚೆಯವನೇ. ಒಂದು ಸಲ ದೊಡ್ಡಪ್ಪ ಇದ್ದ ಊರಿಂದ ಕಾಗದ ಬಂತು. ಜ್ವರ ಬಂದು ನಾಲ್ಕು ದಿನವಾಯ್ತು, ವೈದ್ಯರು ಕೈ ಬಿಟ್ಟರು, ಎಂಬಲ್ಲಿಯವರೆಗೆ ಓದಿದ್ದಾನೆ, ಬಸ್ಸಿನ ಸದ್ದು ಕೇಳಿತು. ಇರೋದೊಂದೇ ಬಸ್ಸು. ಉಳಿದದ್ದು ನಾಳೆ ಅಂತ ಕಾಗದ ಚೀಲಕ್ಕೆ ತುರುಕಿ ಓಡಿದ. ಹೆಂಗಸರು ಎದೆ ಬಡಿದುಕೊಂಡು ಅತ್ತರು, ಅಪ್ಪ ಅನ್ನ ಮುಟ್ಟಲಿಲ್ಲ. ಮರುದಿನ ಅವನು ಬಂದು ಮುಂದಿನದು ಓದಿದರೆ, ಐದನೇ ದಿನ ಜ್ವರ ಇಳಿದು ದೊಡ್ಡಪ್ಪ ಎದ್ದು ಕೂತು ಮಾವಿನಮಿಡಿ ಉಪ್ಪಿನಕಾಯಿ ಕೇಳಿದ್ದ. ಅವತ್ತಿನಿಂದ ಅಪ್ಪ ಒಂದು ಕಟ್ಟಳೆ ಮಾಡಿದರು: ಕಾಗದ ಬಿಚ್ಚಿದ ಮೇಲೆ ಕೊನೆಯ ಅಕ್ಷರದವರೆಗೆ ಓದಬೇಕು, ಆಗದಿದ್ದರೆ ಬಿಚ್ಚಲೇಬಾರದು.

ಶನಿವಾರ ಬೆಳಿಗ್ಗೆ ಮೂಕಮ್ಮ ಹೊಳೆಬಾಗಿಲಿನ ಬಸ್ಸು ಹತ್ತಿದಳು.

ಧರ್ಮಪ್ಪ ಕಟ್ಟೆಯ ಮೇಲೇ ಇದ್ದ. ನೀರು ಇಳಿದು ದಂಡೆಯ ಕೆಂಪುಮಣ್ಣು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತಿತ್ತು. ಕೆನ್ನೆ ಒಳಗೆ ಹೋಗಿ ಮನುಷ್ಯ ಅರ್ಧ ಆಗಿದ್ದ. ಲಾಂಚಿನ ದಿನಗಳಿಂದ ಅವಳನ್ನು ಅತ್ತಿಗೆ ಅಂತಲೇ ಕರೆಯುತ್ತಿದ್ದವನು.

"ಬನ್ನಿ ಅತ್ತಿಗೆ. ಏನು, ನಾಳೆ ಬರ್ಬೇಡ ಅಂತ ಹೇಳಕ್ಕೆ ಬಸ್‌ಚಾರ್ಜು ಹಾಕ್ಕೊಂಡು ಬಂದ್ರಾ?"

"ಯಾರು ಹೇಳಿದ್ರು ನಿಂಗೆ?"

"ಸುರೇಂದ್ರಣ್ಣ ಫೋನ್ ಮಾಡಿದ್ದ. ಬಯ್ಲಿಲ್ಲ, ಪಾಪ. ಬರೆದಿರೋದು ಹಂಗಿದೆ ಧರ್ಮಪ್ಪಾ ಅಂದ. ಬರೆದಿದ್ದು ಅಂದ್ಮೇಲೆ ಮುಗೀತಲ್ಲ."

"ಅವನ ಕೆಲಸಕ್ಕೆ ಯಾಕೆ ಒಲ್ಲೆ ಅಂದೆ?"

"ಗೇಟ್ ಕಾಯೋದು ನಂಗೆ ಒಗ್ಗಲ್ಲ."

"ಇಪ್ಪತ್ತಾರು ವರ್ಷ ಬಿಸಿಲಲ್ಲಿ ಓಡಿದೋನಿಗೆ ನೆರಳಲ್ಲಿ ಕೂತ್ಕೊಳೋದು ಒಗ್ಗಲ್ವಾ?"

ಅವನು ಸೇತುವೆ ಕಡೆ ಮುಖ ತಿರುಗಿಸಿದ. "ನೋಡಿ, ಆ ಮಧ್ಯದ ಕಂಬದ ಹತ್ರ ಹಸಿರು ಅಂಗಿಯವ ನಿಂತಿದಾನೆ, ಕೈಲಿ ಮಗು. ದಿನಾ ಇಂಥೋರೇ. ಫೋಟೋ ಹಿಡ್ಕೊಂಡು ಹೋಗ್ತಾರೆ, ಶೇಂಗಾ ಯಾರಿಗೂ ಬ್ಯಾಡ."

ಮೂಕಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. ಸೇತುವೆ ಕಂಡಿತು, ಮನುಷ್ಯ ಕಾಣಲಿಲ್ಲ.

"ಅದಿರ್ಲಿ. ನಿನ್ನ ಪಾಲಿನ ಚೀಟಿ ಎಲ್ಲಿ? ಎಲ್ಲರದ್ದೂ ಕೇಳಿದೀನಿ, ನಿಂದೊಂದು ಕೇಳಿಲ್ಲ."

ಧರ್ಮಪ್ಪ ಅಂಗಿ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಒಳಗೆ ಚೀಟಿ, ಮಡಿಕೆ ಮುರಿಯದ ಹಾಗೆ ಇತ್ತು. ತಿಂಗಳುಗಟ್ಟಲೆ ಎದೆ ಮೇಲೆ ಇಟ್ಟುಕೊಂಡು ತಿರುಗಿದ್ದ.

"ಓದು."

"ಕಣ್ಣು ಮಂಜು ಅತ್ತಿಗೆ. ನೀವೇ ಓದಿ."

ಈಗಷ್ಟೇ ಅಷ್ಟು ದೂರದ ಅಂಗಿಯ ಬಣ್ಣ ಹೇಳಿದ್ದ ಕಣ್ಣು. ಲಾಂಚಿನ ಕಾಲದಲ್ಲಿ ಕಣ್ಣು ಚುರುಕಾಗಿದ್ದಾಗಲೂ ಇವನ ರೇಷನ್ ಕಾರ್ಡಿನ ಅರ್ಜಿ, ಬ್ಯಾಂಕಿನ ಫಾರಮ್ಮು ಎಲ್ಲ ತನ್ನ ಗಂಡ ತುಂಬಿ ಕೊಡುತ್ತಿದ್ದದ್ದು ನೆನಪಾಯಿತು. ಸುರೇಂದ್ರನ ಗೇಟಿನಲ್ಲಿ ಒಂದು ರಿಜಿಸ್ಟರ್ ಇದೆ, ಬಂದ ಕಾರಿನ ನಂಬರು, ಬಂದವರ ಹೆಸರು ಬರೆಯಬೇಕು. ಬುಧವಾರ ಯಾಕೆ ಬಿಟ್ಟ, ಗೇಟು ಯಾಕೆ ಒಗ್ಗಲಿಲ್ಲ, ಎರಡೂ ಒಟ್ಟಿಗೆ ತಿಳಿಯಿತು.

ಅವಳು ಚೀಟಿ ತೆಗೆದುಕೊಂಡು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಕಾಗದದ ಕೊನೆಯ ಮಾತು ಅದು: ಈ ವಂದನೆಯನ್ನು ನಾನು ನನ್ನ ಸ್ವಂತ ಕೈಯಿಂದ ಬರೆದಿದ್ದೇನೆ, ನನ್ನ ಎಲ್ಲ ಕಾಗದಕ್ಕೂ ಇದೇ ಗುರುತು ಎಂಬ ಅರ್ಥದ್ದು. ಅವಳು ಮತ್ತೊಮ್ಮೆ ಓದಿದಳು.

"ನಾಳೆ ಬಾ," ಅಂದಳು ಎದ್ದು.

"ಬಂದು? ಉಳಿದೋರು ಉಣ್ಣೋದು ನೋಡ್ಲಾ?"

"ಬಾ ಅಂದೆ. ಬರ್ದೇ ಇದ್ರೆ ನಾನೂ ಸೌಟು ಇಟ್ಟು ಮನೆಗೆ ಹೋಗ್ತೀನಿ."

ಭಾನುವಾರ ಬೆಳಿಗ್ಗೆ ಅಕ್ಕಿ ಅಳೆಯುವಾಗ ಅವಳ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಯಾವಾಗಿನಷ್ಟೇ ಹಾಕಿದಳು. ಆರಾಧನೆ ಶುರುವಾಯಿತು. ಧರ್ಮಪ್ಪ ಬಂದಿರಲಿಲ್ಲ. ಹಾಡು ಮುಗಿಯಿತು, ಪ್ರಾರ್ಥನೆ ಮುಗಿಯಿತು, ಬಂದಿರಲಿಲ್ಲ. ಕೊನೆಯ ಆಮೆನ್ ಹೇಳುವ ಹೊತ್ತಿಗೆ ಚಪ್ಪಲಿ ಬಿಡುವ ಸದ್ದಾಯಿತು. ಬಾಗಿಲ ಮೆಟ್ಟಿಲ ಮೇಲೆ ಕೂತ, ಒಳಗೆ ಬರಲಿಲ್ಲ.

ಎಲ್ಲರೂ ನೋಡಿದರು. ಎಲೆ ಹಾಕುವ ಹೊತ್ತಾಗಿತ್ತು. ಮೂಕಮ್ಮ ಕೈ ಒರೆಸಿಕೊಂಡು ಅಡುಗೆಮನೆಯಿಂದ ಬಂದು ಸಭೆಯ ನಡುವೆ ನಿಂತಳು. ಇಷ್ಟು ವರ್ಷದಲ್ಲಿ ಅವಳು ಅಲ್ಲಿ ನಿಂತು ಮಾತಾಡಿದ್ದೇ ಇಲ್ಲ.

"ಗಿರಿಧರಪ್ಪಾ, ಎಲೆ ಹಾಕೋ ಮೊದಲು ನಂದೊಂದು ಕೇಳಿಕೆ ಇದೆ. ಎರಡನೇ ಕಾಗದವನ್ನ ಮೇಲಿಂದ ಕೆಳಗಿನವರೆಗೆ ಒಂದೇ ಸಲ ಓದಿಸು."

"ಈಗಲಾ? ಎಲ್ಲರಿಗೂ ಗೊತ್ತಿರೋದೇ ಅಲ್ವಾ ಅಕ್ಕಾ?"

"ಎಲ್ಲರಿಗೂ ಅವರವರ ಚೀಟಿ ಗೊತ್ತು. ಕಾಗದ ಯಾರಿಗೆ ಗೊತ್ತು?"

ಸುರೇಂದ್ರ ಹಿಂದಿನಿಂದ ಅಂದ, "ಅನ್ನ ಆರಿ ಹೋಗ್ತದೆ ಮೂಕಮ್ಮಕ್ಕಾ."

"ಆರ್ಲಿ. ಬೇಯಿಸಿದೋಳು ನಾನು."

ಯಾರೋ ಹೆಂಗಸರು ನಕ್ಕರು. ಗಿರಿಧರ ನಗಲಿಲ್ಲ. ಮಗಳ ಕಡೆ ನೋಡಿದ. ಧನ್ಯಶ್ರೀ ಎದ್ದು ನಿಂತು ಓದತೊಡಗಿದಳು.

ಏಳೆಂಟು ನಿಮಿಷದ ಕಾಗದ. ಮೊದಲು ಹೊಗಳಿಕೆ, ನೀವು ಕಷ್ಟದಲ್ಲೂ ಗಟ್ಟಿಯಾಗಿದ್ದೀರಿ ಅಂತ. ಆಮೇಲೆ ಒಂದು ಗಾಬರಿಯ ಸುದ್ದಿ. ಪ್ರಭು ಬರುವ ದಿನ ಬಂದೇಬಿಟ್ಟಿತು ಅಂತ ಯಾರೋ ಹಬ್ಬಿಸಿದ್ದಾರೆ, ತನ್ನ ಹೆಸರಿನಲ್ಲಿ ಕಾಗದ ಬಂದರೂ ನಂಬಿ ಕಂಗೆಡಬೇಡಿ ಅಂತ. ಇದು ಹೀಗೆ ಒಂದರ ಬೆನ್ನಿಗೆ ಒಂದು ಬರುವುದನ್ನು ಯಾರೂ ಕೇಳಿರಲಿಲ್ಲ. ತೂಕಡಿಸುವವರು ಯಾರೂ ಇರಲಿಲ್ಲ. ಮೂರನೇ ಭಾಗ ಬಂತು. ನಾವು ಯಾರ ಅನ್ನವನ್ನೂ ಬಿಟ್ಟಿ ಉಣ್ಣಲಿಲ್ಲ, ನಿಮ್ಮ ಕಣ್ಣೆದುರಿಗೇ ಹಗಲೂ ರಾತ್ರಿ ದುಡಿದೆವು. ಸುರೇಂದ್ರನ ಸಾಲು ಬಂತು. ಒಬ್ಬಿಬ್ಬರು ಮೆಟ್ಟಿಲ ಕಡೆ ತಿರುಗಿದರು. ಧನ್ಯಶ್ರೀ ಮುಂದೆ ಹೋದಳು. ಒಳ್ಳೇದು ಮಾಡುವುದರಲ್ಲಿ ಬೇಸರ ಮಾಡಬೇಡಿ. ಈ ಕಾಗದದ ಮಾತು ಕೇಳದವನನ್ನು ಗುರುತಿಟ್ಟುಕೊಳ್ಳಿ, ಅವನಿಗೆ ನಾಚಿಕೆಯಾಗುವಂತೆ ಅವನ ಜೊತೆ ಸೇರಬೇಡಿ.

"ನೋಡಿ ಅಕ್ಕಾ," ಅಂದ ಗಿರಿಧರ. ದನಿಯಲ್ಲಿ ಗೆದ್ದ ಖುಷಿ ಇರಲಿಲ್ಲ, ಆದರೆ ಗಟ್ಟಿತನ ಇತ್ತು. "ಇದಕ್ಕಿಂತ ಬಿಡಿಸಿ ಹೇಳಕ್ಕೆ ಆಗಲ್ಲ."

"ನಿಲ್ಲಿಸ್ಬೇಡ ಮಗಾ. ಮುಂದೆ?"

ಧನ್ಯಶ್ರೀ ಓದಿದಳು. ಆದರೂ ಅವನನ್ನು ವೈರಿ ಎಂದು ಎಣಿಸಬೇಡಿ, ಅಣ್ಣತಮ್ಮ ಎಂದುಕೊಂಡು ಬುದ್ಧಿ ಹೇಳಿ.

"ಬುದ್ಧಿ ಹೇಳಕ್ಕೆ ಯಾರು ಹೋಗಿದ್ರಿ?" ಮೂಕಮ್ಮ ಕೇಳಿದಳು. "ನನ್ನ ಹತ್ರ ಬಂದು ಅವನಿಗೆ ಬಡಿಸ್ಬೇಡ ಅಂದ್ರಿ. ಆ ಊರಿನೋರು ಲೋಕ ಮುಗೀತದೆ ಅಂದ್ಕೊಂಡು ಇದ್ದ ಕೆಲಸ ಬಿಟ್ಟು ಕೂತೋರು. ಅವರಿಗೆ ಪೌಲ ಮೊದಲ ಕಾಗದದಲ್ಲಿ ಮೆತ್ತಗೆ ಹೇಳಿದ, ಎರಡನೇದರಲ್ಲಿ ಗದರಿದ. ಅದಕ್ಕೂ ಮೊದಲು ಅವರ ಮಗ್ಗುಲಲ್ಲೇ ಕೂತು ದುಡಿದು ತೋರ್ಸಿದ್ದ. ನಾವು ಎಷ್ಟು ಸಲ ಹೋಗಿ ಕೂತ್ವಿ ಆ ಕಟ್ಟೆ ಮೇಲೆ?"

"ನಾನು ಹೋಗಿದ್ದೆ," ಸುರೇಂದ್ರ ಎದ್ದು ನಿಂತ. ಮುಖ ಕೆಂಪಾಗಿತ್ತು. "ಕೈಲಿ ಕೆಲಸ ಹಿಡ್ಕೊಂಡು ಹೋಗಿದ್ದೆ. ಒಗ್ಗಲ್ಲ ಅಂದ. ಯಾಕೆ ಒಗ್ಗಲ್ಲ? ನಿಮಗೆ ಗೊತ್ತಿದ್ರೆ ಹೇಳಿ, ಈಗಲೇ ಹೇಳಿ."

ಗೊತ್ತಿತ್ತು. ಒಂದು ಮಾತು ಆಡಿದರೆ ಮುಗಿಯುತ್ತಿತ್ತು, ಸುರೇಂದ್ರನೂ ಗಿರಿಧರನೂ ತಲೆ ತಗ್ಗಿಸುತ್ತಿದ್ದರು. ಆದರೆ ಐವತ್ತು ದಾಟಿದ ಗಂಡಸು ಇಷ್ಟು ವರ್ಷ ಯಾರಿಗೂ ಗೊತ್ತಾಗದ ಹಾಗೆ ಮುಚ್ಚಿಟ್ಟಿದ್ದನ್ನು ಮೂವತ್ತು ಜನರ ಎದುರು ಬಿಚ್ಚಿ ಅವನಿಗೆ ಅನ್ನ ಕೊಡಿಸುವುದೇ? ಮೂಕಮ್ಮ ಬಾಗಿಲ ಕಡೆ ನೋಡಿದಳು. ಮೆಟ್ಟಿಲ ಮೇಲೆ ಧರ್ಮಪ್ಪನ ಬೆನ್ನು ನೆಟ್ಟಗಾಗಿದ್ದು ಕಂಡಿತು. ಅವಳಿಗೆ ತಿಳಿದಿದೆ ಅಂತ ಅವನಿಗೂ ತಿಳಿದಿತ್ತು.

"ನಂಗೆ ಹೇಳೋದು ಏನೂ ಇಲ್ಲ," ಅಂದಳು. "ಕಾಗದ ಮುಗೀಲಿ. ಕೊನೇದು ಓದು ಮಗಾ."

ಅದು ಧರ್ಮಪ್ಪನ ಪಾಲು. ಸ್ವಂತ ಕೈಯಿಂದ ಬರೆದ ವಂದನೆ.

"ಗಿರಿಧರಪ್ಪಾ, ಇಷ್ಟು ಮಾತ್ರ ನನ್ನ ಕೈಯಿಂದ ಅಂತಾನಲ್ಲ, ಉಳಿದದ್ದು ಯಾರು ಬರೆದ್ರು?"

"ಬೇರೆಯವರ ಕೈಲಿ ಬರೆಸ್ತಿದ್ದ ಅಂತಾರೆ. ಇವನು ಹೇಳೋದು, ಅವರು ಬರೆಯೋದು."

"ಆ ಸಭೆಯೋರಿಗೆಲ್ಲ ಓದಕ್ಕೆ ಬರ್ತಿತ್ತಾ?"

"ಎಲ್ಲರಿಗೂ ಎಲ್ಲಿ? ನಾಲ್ಕಾರು ಜನಕ್ಕೆ ಬಂದಿರ್ಬಹುದು. ಒಬ್ಬ ಓದ್ತಿದ್ದ, ಉಳಿದೋರು ಕೇಳ್ತಿದ್ರು."

"ಮೊದಲನೇ ಕಾಗದದ ಕೊನೇಲೂ ಎಲ್ಲರಿಗೂ ಓದಿ ಹೇಳಿ ಅಂತ ಆಣೆ ಹಾಕಿ ಕೇಳಿದಾನೆ. ಗೋಡೆ ಆಚೆಯಿಂದ ಕೇಳಿಸ್ಕೊಂಡಿದೀನಿ. ಅಂದ್ರೆ ಕಿವಿಗೆ ಅಂತಲೇ ಬರೆದ ಕಾಗದ ಅದು. ಓದಕ್ಕೆ ಬರ್ದೇ ಇರೋದು ಅಲ್ಲಿ ಯಾರಿಗೂ ಮರ್ಯಾದೆ ಹೋಗೋ ಸಂಗತಿ ಆಗಿರ್ಲಿಲ್ಲ. ಚೀಟಿ ಹಂಚಿ ಓದ್ಕೊಂಡು ಬಾ ಅಂದಿದ್ದು ನಾವು."

ಹೊರಗೆ ರಸ್ತೆಯಲ್ಲಿ ಒಂದರ ಹಿಂದೆ ಒಂದು ಮೂರು ಕಾರು ಹೋದವು. ಗಿರಿಧರ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಮೆಟ್ಟಿಲ ಕಡೆಯಿಂದ ಮಾತು ಬಂತು, ಮೆಲ್ಲಗೆ, ಬೆನ್ನು ಹಾಕಿ ಕೂತವನದು.

"ನಂಗೆ ಓದಕ್ಕೆ ಬರಲ್ಲ."

ಆಮೇಲೆ ಅವನು ತಿರುಗಿದ. "ಬರೆಯಕ್ಕೂ ಬರಲ್ಲ ಸುರೇಂದ್ರಣ್ಣಾ. ನಿನ್ನ ಗೇಟಲ್ಲಿ ಪುಸ್ತಕ ಇಟ್ಟಿದೀಯ. ನಂಬರು ಬರಿ ಅಂದೆ. ಎಲ್ಲಿಂದ ಬರೀಲಿ?"

ಸುರೇಂದ್ರ ನಿಂತೇ ಇದ್ದ. "ಅಲ್ಲ ಮಾರಾಯಾ," ಅಂದ ಕೊನೆಗೆ, "ಇವತ್ತು ಎಲ್ಲರ ಎದುರು ನಾನು ಕಲ್ಲೆದೆಯವ ಅಂತ ಅನ್ನಿಸ್ಕೊಂಡೆ. ಫೋನಲ್ಲಿ ಕಾರಿಂದು ಒಂದು ಫೋಟೋ ಹಿಡಿದ್ರೆ ಸಾಕು, ಸಂಜೆ ನಾನೇ ಬರ್ಕೊಳ್ತಿದ್ದೆ. ಬಾಯಿ ಬಿಟ್ಟು ಹೇಳಕ್ಕೆ ಎಂತ ಆಗಿತ್ತು ನಿಂಗೆ?"

ಸುರೇಂದ್ರನ ಸಿಟ್ಟು ಇಳಿಯಲಿಲ್ಲ. ಗಿರಿಧರ ಧನ್ಯಶ್ರೀಯ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದ. ಅವನ ಕಣ್ಣು ಯಾರ ಮೇಲೂ ನಿಲ್ಲಲಿಲ್ಲ. ಚೀಟಿಯ ಉಪಾಯ ಅವನದು, ರಾತ್ರಿ ಕೂತು ತುಂಡು ಮಾಡಿದ್ದು ಅವನು. "ಬುಧವಾರದಿಂದ ಮೊದಲಿಂದ ಓದಾಣ," ಅಂದ. "ಪೂರ್ತಿ. ಕೇಳೋರು ಕೇಳಿ."

ಎಲೆ ಹಾಕಿದರು. ಧರ್ಮಪ್ಪ ಮೆಟ್ಟಿಲಿಂದ ಏಳಲಿಲ್ಲ. "ಇವತ್ತು ಬ್ಯಾಡ ಅತ್ತಿಗೆ. ದುಡಿದು ಬರ್ತೀನಿ, ಮುಂದಿನ ವಾರ ಉಣ್ತೀನಿ," ಅಂದ.

ಮೂಕಮ್ಮ ಸಾಲಿನ ಕೊನೆಗೆ ಇನ್ನೊಂದು ಎಲೆ ಹಾಕಿದಳು. "ಮುಂದಿನ ವಾರದ್ದು ಮುಂದಿನ ವಾರ ಬೇಯಿಸ್ತೀನಿ. ಇವತ್ತಿಂದು ನಿನ್ನ ತಲೆ ಲೆಕ್ಕ ಹಿಡಿದೇ ಬೇಯಿಸಿದ್ದು, ನಾಯಿಗೆ ಹಾಕ್ಲಾ? ಏಳು."

ಅವನು ಎದ್ದು ಬಂದು ಸಾಲಿನ ಕೊನೆಯಲ್ಲಿ ಕೂತ. ಗಿರಿಧರ ಬಂದು ಅವನ ಪಕ್ಕಕ್ಕೆ ಕೂತ. ಸುರೇಂದ್ರ ಆ ಕಡೆಯ ಮೂಲೆಯಲ್ಲಿ ಕೂತು, ಯಾರ ಜೊತೆಯೂ ಮಾತಾಡದೆ, ಎರಡನೇ ಸಲ ಅನ್ನ ಹಾಕಿಸಿಕೊಳ್ಳದೆ ಎದ್ದ. ಕೈ ತೊಳೆದು ಬರುವಾಗ ಧರ್ಮಪ್ಪನ ಎಲೆಯ ಮುಂದೆ ಒಂದು ಕ್ಷಣ ನಿಂತ.

"ನಾಳೆ ಏಳೂವರೆಗೆ ಜೀಪ್ ಕಳಿಸ್ತೀನಿ. ಕಟ್ಟೆ ಮೇಲೆ ಅಲ್ಲ, ರಸ್ತೆಗೆ ಬಂದು ನಿಂತಿರು."

ಧರ್ಮಪ್ಪನ ಬಾಯಲ್ಲಿ ಅನ್ನ ಇತ್ತು. ತಲೆ ಆಡಿಸಿದ. ಮೂಕಮ್ಮ ಅವನ ಎಲೆಗೆ ಇನ್ನೊಂದು ಸೌಟು ಸಾರು ಹಾಕಿ, ಮುಂದಿನ ಎಲೆಗೆ ಹೋದಳು.